ಇಲ್ಲಿ ಮೆಲ್ಲಗೆ ಮಾತನಾಡಿ

ಆಕೆಗೆ ನಗಾರಿಯಮ್ಮ ಎಂಬ ಹೆಸರು ಬಿದ್ದದ್ದು ಮದುವೆಯಾಗಿ ಬಂದ ವರ್ಷವೇ. ಅಂಗಳದಲ್ಲಿ ನಿಂತು ಒಮ್ಮೆ ಕೂಗಿದರೆ ಹಳ್ಳದಾಚೆ ಬಗ್ಗಿ ಕೆಲಸ ಮಾಡುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ, "ಊಟದ ಹೊತ್ತಾಯ್ತು" ಎನ್ನುತ್ತಿದ್ದರಂತೆ. ಹೆಸರಿಟ್ಟವರು ಮಾವ. ಆಕೆಗೆ ಅದರಿಂದ ಬೇಸರವೇನೂ ಆಗಿರಲಿಲ್ಲ. "ಕೆಲವರಿಗೆ ರೂಪ ಬರುತ್ತೆ, ಕೆಲವರಿಗೆ ದುಡ್ಡು ಬರುತ್ತೆ, ನನಗೆ ಗಂಟಲು ಬಂತು" ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು.

ಅಂಥವಳು ಈಗ ಸ್ವಂತ ಮನೆಯಲ್ಲಿ ಕೆಮ್ಮು ಬಂದರೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಿಲಿಗೆ ಓಡಬೇಕಿತ್ತು.

ಗಂಡ ಪಂಡಿತರು. ಸುತ್ತಿನ ಹಳ್ಳಿಗಳಿಗೆಲ್ಲ ನಾಡಿ ನೋಡಿ, ಎಣ್ಣೆ ಕಷಾಯ ಕೊಟ್ಟು ಬಾಳಿದವರು. ಪೇಟೆಯಲ್ಲಿ ಆಸ್ಪತ್ರೆ ಬಂದ ಮೇಲೆ ಅವರ ಜಗಲಿ ಖಾಲಿಯಾಯಿತು. ಒಬ್ಬನೇ ಮಗ ದೂರದ ಪಟ್ಟಣದ ಹೋಟೆಲೊಂದರಲ್ಲಿ ಬಂದವರಿಗೆ ಕೋಣೆಯ ಕೀಲಿ ಕೊಡುವ ಕೆಲಸದಲ್ಲಿದ್ದ. ಹೋಟೆಲು ಮುಚ್ಚಿತು. ಹೆಂಡತಿ, ಮಗಳನ್ನು ಕಟ್ಟಿಕೊಂಡು ಬಂದವನು ಸ್ವಲ್ಪ ದಿನ ಅಂಗಳದಲ್ಲಿ ಸುಮ್ಮನೆ ಕೂತ. ಎದುರಿಗೆ ಮರಗಳು, ಹಳ್ಳದ ನೀರು, ಹಕ್ಕಿ, ಜಗಲಿಯ ಮೇಲೆ ಬಿಳಿಗಡ್ಡದ ಅಪ್ಪ.

"ಅಮ್ಮ, ಇದನ್ನೆಲ್ಲ ನೋಡೋಕೆ ಜನ ದುಡ್ಡು ಕೊಡ್ತಾರೆ, ಗೊತ್ತಾ?" ಎಂದ.

"ಮರ ನೋಡೋಕಾ? ಅವರೂರಲ್ಲಿ ಮರ ಇಲ್ವೇನೋ?"

ಕೊಟ್ಟರು. ಮುಂದಿನ ಕೋಣೆಗಳೆಲ್ಲ ಅತಿಥಿಗಳ ಕೋಣೆಗಳಾದವು. ದನದ ಕೊಟ್ಟಿಗೆಗೆ ಸುಣ್ಣ ಬಳಿದು ಎಣ್ಣೆ ತಿಕ್ಕುವ ಕೋಣೆ ಮಾಡಿದರು. ಅದರ ಮೂಲೆಯಲ್ಲಿ ಹಬೆ ಪೆಟ್ಟಿಗೆ ಬಂತು. ಅತಿಥಿ ಅದರೊಳಗೆ ಕೂತರೆ ತಲೆ ಮಾತ್ರ ಹೊರಗೆ. ಜನ ಪಟ್ಟಣದಿಂದ ಬಂದು ವಾರಗಟ್ಟಲೆ ಉಳಿದು, ಗಂಜಿ ಕುಡಿದು, ಎಣ್ಣೆ ಹಚ್ಚಿಸಿಕೊಂಡು, ಮರದ ಕೆಳಗೆ ಕಣ್ಣು ಮುಚ್ಚಿ ಕೂತು, "ಸ್ವರ್ಗ" ಎಂದು ಹೇಳಿ ಹೋಗುತ್ತಿದ್ದರು. ಗೇಟಿನ ಬಳಿ ಮಗ ಒಂದು ಫಲಕ ನೆಟ್ಟಿದ್ದ: "ವಿಶ್ರಾಂತಿ ಧಾಮ. ಇಲ್ಲಿ ಮೆಲ್ಲಗೆ ಮಾತನಾಡಿ."

ಸ್ವರ್ಗದ ಹಿಂದೆ ಮನೆಯವರಿಗೆ ಉಳಿದದ್ದು ಅಡುಗೆಮನೆ, ಮುದುಕರ ಒಂದು ಮಲಗುವ ಕೋಣೆ, ಎಣ್ಣೆ ಡಬ್ಬಗಳ ಉಗ್ರಾಣ. ಮಗ, ಸೊಸೆ, ಮೊಮ್ಮಗಳು ಅಟ್ಟದ ಮೇಲೆ. ಹುರಿಯುವ ಹಾಗಿಲ್ಲ, ವಾಸನೆ ಬರುತ್ತದೆ. ಕುಕ್ಕರು ಕೂಗುವ ಹಾಗಿಲ್ಲ. ಮಿಕ್ಸಿ ಹಾಕಬೇಕಾದರೆ ಅತಿಥಿಗಳು ನಡೆಯಲು ಹೋದ ಹೊತ್ತಿಗೆ. ಚಪ್ಪಲಿ ಮೆಟ್ಟಿ ಅಂಗಳದಲ್ಲಿ ಟಪಟಪ ಓಡಾಡುವ ಹಾಗಿಲ್ಲ. ಜಗಳವೂ ಪಿಸುಮಾತಿನಲ್ಲೇ. ಪಿಸುಮಾತಿನಲ್ಲಿ ಜಗಳವಾಡುವುದೆಂದರೆ ಹಲ್ಲಿಲ್ಲದವನು ಕಬ್ಬು ತಿಂದ ಹಾಗೆ; ರಸವೂ ಸಿಗದು, ದವಡೆಯೂ ನೋಯದೆ ಬಿಡದು.

ಇಷ್ಟನ್ನೂ ನಗಾರಿಯಮ್ಮ ಸಹಿಸಿಕೊಳ್ಳುತ್ತಿದ್ದಳೋ ಏನೋ. ಆದರೆ ಅದೇ ಕಾಲಕ್ಕೆ ಪಂಡಿತರ ಕಿವಿ ಹೋಯಿತು. ಒಂದೇ ಸಲಕ್ಕಲ್ಲ, ಬಾವಿ ಬತ್ತಿದ ಹಾಗೆ. ಮೊದಲು ಹಕ್ಕಿ ಕೇಳಿಸುವುದು ನಿಂತಿತು, ಆಮೇಲೆ ಮೊಮ್ಮಗಳು, ಆಮೇಲೆ ಮಗ. ಕೊನೆಗೆ ಅವರಿಗೆ ಕೇಳಿಸುತ್ತಿದ್ದದ್ದು ಹೆಂಡತಿಯ ಗಂಟಲು ಒಂದೇ, ಅದೂ ಅವಳು ಪೂರ್ತಿ ತೆರೆದು ಕೂಗಿದರೆ. ಕೂಗುವುದಕ್ಕೆ ಮನೆಯಲ್ಲಿ ಜಾಗವಿರಲಿಲ್ಲ.

ಅತಿಥಿಗಳಿಗೆ ಇದು ಗೊತ್ತಿರಲಿಲ್ಲ. ಪಂಡಿತರು ಜಗಲಿಯ ಮೇಲೆ ಕೂತು ನಾಡಿ ಹಿಡಿಯುವಾಗ ಪಕ್ಕದಲ್ಲಿ ಸೊಸೆ ಕೂರುತ್ತಿದ್ದಳು. ಬಂದವರು ಹೇಳಿದ್ದನ್ನು ಮಾವನ ಮುಖದ ಹತ್ತಿರ ಬಾಗಿ, ಗೌರವದಿಂದ ಬಾಗಿದ ಹಾಗೆ, ತುಟಿ ನೋಡಿಯೇ ತಿಳಿಯುವಂತೆ ಬಿಡಿಸಿ ಎರಡೇ ಮಾತಲ್ಲಿ ಒಪ್ಪಿಸುತ್ತಿದ್ದಳು. ಪಂಡಿತರು ತಲೆಯಾಡಿಸುತ್ತಿದ್ದರು. ಕಿವುಡರು ತಮಗೆ ಗೊತ್ತಿಲ್ಲದೆ ಗಟ್ಟಿಯಾಗಿ ಮಾತಾಡುತ್ತಾರೆಂದು ತಿಳಿದಿದ್ದರಿಂದ ಬಾಯಿ ಬಿಡುತ್ತಿದ್ದದ್ದೇ ಕಡಿಮೆ. "ಎಷ್ಟು ಶಾಂತ ಸ್ವಭಾವ! ಮೌನದಲ್ಲೇ ಎಲ್ಲ ತಿಳಿದುಕೊಳ್ತಾರೆ" ಎಂದು ಅತಿಥಿಗಳು ಕೈಮುಗಿಯುತ್ತಿದ್ದರು.

ಒಂದು ಬೆಳಿಗ್ಗೆ ಒಲೆಯ ಮುಂದೆ ನಗಾರಿಯಮ್ಮ ಮಗನನ್ನು ಹಿಡಿದಳು.

"ಪೇಟೆಗೆ ಕರ್ಕೊಂಡು ಹೋಗಿ ಆ ಕಿವಿ ಮಿಷನ್ ಹಾಕಿಸೋ."

"ಮೆಲ್ಲಗೆ, ಅಮ್ಮ."

"ಇದಕ್ಕಿಂತ ಮೆಲ್ಲಗೆ ಅಂದ್ರೆ ನಾನು ಸಾಯಬೇಕು. ಹಾಕಿಸು."

ಮಗ ಗಂಜಿ ಬಟ್ಟಲುಗಳನ್ನು ತಟ್ಟೆಗೆ ಜೋಡಿಸುತ್ತಲೇ ಪಿಸುಗುಟ್ಟಿದ. "ನೀನೇ ಯೋಚನೆ ಮಾಡು. ಕಿವಿನೋವು ಅಂತ ಬಂದವರಿಗೆ ಅಪ್ಪ ಎಣ್ಣೆ ಬಿಡ್ತಾರೆ. ಅವರ ಕಿವೀಲೇ ಮಿಷನ್ ಇದ್ರೆ ಯಾರು ನಂಬ್ತಾರೆ?"

"ಹಾಗಂತ ಅವರು ಕಿವುಡಾಗೇ ಇರ್ಬೇಕಾ?"

"ಅಪ್ಪನಿಗೇ ಇಷ್ಟ ಇಲ್ಲ. ಕೇಳಿ ನೋಡು."

ಅದು ಸುಳ್ಳಲ್ಲ. ಪಂಡಿತರಿಗೂ ಮರ್ಯಾದೆ ಅಡ್ಡ ಬಂದಿತ್ತು. ತಮ್ಮ ಎಣ್ಣೆಯನ್ನು ತಾವೇ ಕಿವಿಗೆ ಬಿಟ್ಟುಕೊಂಡು, ಹತ್ತಿ ತುರುಕಿಕೊಂಡು, "ಬರುತ್ತೆ, ಬರುತ್ತೆ" ಎನ್ನುತ್ತಿದ್ದರು. ಮೊಮ್ಮಗಳು ಒಮ್ಮೆ, "ಅಜ್ಜಿ, ಚೀಟೀಲಿ ಬರೆದು ಕೊಡು" ಎಂದಿದ್ದಳು. "ಇಷ್ಟು ವರ್ಷ ನಾನು ಬೈದ ಗಂಡನಿಗೆ ಈಗ ಅರ್ಜಿ ಬರೀಲೇನೇ?" ಎಂದು ನಗಾರಿಯಮ್ಮ ಸಿಡುಕಿದ್ದಳು.

ಅವಳಿಗೆ ಒಂದೇ ಒಂದು ಜಾಗ ಸಿಕ್ಕಿತ್ತು. ಹಳ್ಳದ ದಂಡೆಯಲ್ಲಿ ಪಂಪಿನ ಶೆಡ್ಡು. ಹಳೆಯ ಮೋಟಾರು, ಶುರುವಾದರೆ ತಗಡಿನ ಗೋಡೆಗಳೆಲ್ಲ ನಡುಗುತ್ತಿದ್ದವು. ಮಧ್ಯಾಹ್ನ ಅತಿಥಿಗಳು ಸುತ್ತಾಡಲು ಗುಡ್ಡದ ಕಡೆ ಹೋದಾಗ ಟ್ಯಾಂಕಿಗೆ ನೀರು ಹತ್ತಿಸಬೇಕು. ಆಗ ಅವಳು ಪಂಡಿತರ ಕೈ ಹಿಡಿದು ಅಲ್ಲಿಗೆ ಕರೆತಂದು, ಬಾಗಿಲು ಹಾಕಿ, ಸ್ವಿಚ್ಚು ಒತ್ತಿ, ಬಾಯಿ ತೆರೆಯುತ್ತಿದ್ದಳು.

"ರೀ! ಸೊಸೆಗೆ ಸೊಂಟ ನೋವು!"

"ಸೊಪ್ಪಾ? ಯಾವ ಸೊಪ್ಪು?"

"ಸೊಪ್ಪಲ್ಲ, ಸೊಂಟ! ಊರವರ ಮೈ ತಿಕ್ಕಿ ತಿಕ್ಕಿ ಅವಳ ಸೊಂಟ ಬಿದ್ದಿದೆ! ನಿಮ್ಮ ಮಗ ಅವಳಿಗೆ ಒಂದು ದಿನ ರಜೆ ಕೊಡಲ್ಲ!"

"ಅವನೂ ದುಡೀತಾನಲ್ಲೇ. ಕಕ್ಕಸು ಕೂಡ ಅವನೇ ತೊಳೀತಾನೆ."

"ದುಡೀಲಿ! ಹಾಗಂತ ಹೆಂಡತಿನ ಎತ್ತು ಮಾಡ್ಬೇಕಾ?"

ಮೋಟಾರಿನ ಸದ್ದಿಗಿಂತ ಮೇಲೆ ಅವಳ ಧ್ವನಿ, ಅದರಡಿಯಲ್ಲಿ ಪಂಡಿತರ ನಗು. ಟ್ಯಾಂಕು ತುಂಬುವಷ್ಟು ಹೊತ್ತು ಅವರಿಬ್ಬರ ಸಂಸಾರ. ಆಮೇಲೆ ಮತ್ತೆ ಬಾಯಿಗೆ ಬೀಗ.

ಶಾಲೆಯಿಂದ ಮೊಮ್ಮಗಳನ್ನು ಕರೆತರುವುದೂ ನಗಾರಿಯಮ್ಮನ ಕೆಲಸವೇ. ಅಲ್ಲಿ ಒಂದು ಸಂಜೆ ಟೀಚರು ಅವಳನ್ನು ಪಕ್ಕಕ್ಕೆ ಕರೆದರು.

"ಮಗುಗೆ ಗಂಟಲಲ್ಲಿ ಏನಾದ್ರೂ ತೊಂದರೆ ಇದೆಯಾ ಅಮ್ಮ? ಪ್ರಶ್ನೆ ಕೇಳಿದ್ರೆ ಉತ್ತರ ಗೊತ್ತಿರುತ್ತೆ, ತುಟಿ ಅಲ್ಲಾಡುತ್ತೆ, ಸದ್ದೇ ಬರಲ್ಲ. ಆಟದಲ್ಲಿ ಬಿದ್ದು ಮಂಡಿ ಒಡ್ಕೊಂಡ್ಲು, ಅಳುವಾಗಲೂ ಬಾಯಿ ಮುಚ್ಕೊಂಡೇ ಅತ್ತಳು."

ನಗಾರಿಯಮ್ಮ ದಾರಿಯುದ್ದಕ್ಕೂ ಮೊಮ್ಮಗಳ ಕೈ ಬಿಗಿಯಾಗಿ ಹಿಡಿದು ನಡೆದಳು. ಬಯಲಿಗೆ ಬಂದ ಮೇಲೆ, "ಎಲ್ಲಿ, ಅಜ್ಜಿ ಅಂತ ಒಂದ್ಸಲ ಜೋರಾಗಿ ಕೂಗು" ಎಂದಳು.

ಹುಡುಗಿ ಹಿಂದೆ ಮುಂದೆ ನೋಡಿದಳು. "ಅಜ್ಜಿ" ಎಂದಳು. ಎಲೆ ಬಿದ್ದಷ್ಟು ಸದ್ದು.

"ಇನ್ನೂ ಜೋರಾಗಿ."

"ಅಪ್ಪ ಬೈತಾರೆ."

"ಅಪ್ಪ ಇಲ್ಲಿಲ್ವಲ್ಲೇ!"

ಹುಡುಗಿ ಮತ್ತೆ ಬಾಯಿ ತೆರೆದಳು. ಬರಲಿಲ್ಲ.

ಮೋಟಾರಿನ ಶೆಡ್ಡಿನಲ್ಲಿ ಇದನ್ನು ಹೇಳಬೇಕೆಂದು ನಗಾರಿಯಮ್ಮ ಮರುದಿನದ ಮಧ್ಯಾಹ್ನಕ್ಕೆ ಕಾದಳು. ಹೋಗಿ ನೋಡಿದರೆ ಮಗ ಅಲ್ಲಿ ಇಬ್ಬರು ಕೆಲಸದವರೊಂದಿಗೆ ನಿಂತಿದ್ದ. ಹಳೆಯ ಮೋಟಾರು ಕಳಚಿ ಹೊರಗೆ ಬಿದ್ದಿತ್ತು. ಹೊಸದೊಂದು ನೀರಿನೊಳಗೇ ಇಳಿದು ಕೂತಿತ್ತು.

"ನೋಡಮ್ಮ," ಮಗನ ಮುಖದಲ್ಲಿ ಖುಷಿ, "ಓಡ್ತಾ ಇದೆ. ಏನಾದ್ರೂ ಕೇಳಿಸುತ್ತಾ?"

ಏನೂ ಕೇಳಿಸಲಿಲ್ಲ. ನಗಾರಿಯಮ್ಮ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. ಮಗನಿಗೆ ಅರ್ಥವಾಗಲಿಲ್ಲ, ಅವನಿಗೆ ಗೊತ್ತಾದರೂ ಹೇಗೆ? ಅವನು ಇನ್ನೊಂದು ಮಾತು ತೆಗೆದ. "ಮುಂದಿನ ತಿಂಗಳು ಪೂರ್ತಿ ಬುಕ್ ಆಗಿದೆ ಅಮ್ಮ. ನಿಮ್ಮ ಹಿಂದಿನ ಕೋಣೆನೂ ಬೇಕಾಗುತ್ತೆ. ಕಿಟಕಿಯಿಂದ ಹಳ್ಳ ಕಾಣುತ್ತಲ್ಲ, ಅದನ್ನೇ ಎಲ್ಲ ಕೇಳೋದು. ನೀವಿಬ್ಬರೂ ಉಗ್ರಾಣದಲ್ಲಿ ಸ್ವಲ್ಪ ದಿನ..."

"ಎಣ್ಣೆ ಡಬ್ಬದ ಜೊತೆಗಾ?"

"ಡಬ್ಬ ಒಂದು ಕಡೆ ಸರಿಸ್ತೀನಿ."

"ಬೇಡ ಬಿಡು, ನಮ್ಮನ್ನೂ ಡಬ್ಬದೊಳಗೆ ತುಂಬಿ ಮುಚ್ಚಳ ಹಾಕು. ಸದ್ದು ಬರಲ್ಲ."

ಆ ವಾರದಲ್ಲೇ ಬ್ಯಾಂಕಿನ ಮೇಡಂ ಬಂದದ್ದು. ಬ್ಯಾಂಕಿನಲ್ಲಿ ದುಡಿದು ಆಗಷ್ಟೇ ನಿವೃತ್ತಿಯಾದ ಒಂಟಿ ಹೆಂಗಸು. ಮೊದಲ ದಿನವೇ ಅಡುಗೆಮನೆಗೆ ಇಣುಕಿ, "ಅಮ್ಮ, ನೀವು ಒಳಗೇ ಇರ್ತೀರಲ್ಲ, ಹೊರಗೆ ಬನ್ನಿ, ಎಷ್ಟು ಚೆನ್ನಾಗಿದೆ" ಎಂದಿದ್ದರು. ಮರುದಿನ ಬೆಳಿಗ್ಗೆ ಸೊಸೆಯ ಸೊಂಟ ಪೂರ್ತಿ ಹಿಡಿದುಕೊಂಡು ಅಟ್ಟದಿಂದ ಇಳಿಯಲಾಗಲಿಲ್ಲ. "ಒಂದು ದಿನ ಅಪ್ಪ ಒಬ್ಬರೇ ನೋಡಿಕೊಳ್ತಾರೆ" ಎಂದ ಮಗ.

ಜಗಲಿಗೂ ಅಡುಗೆಮನೆಗೂ ನಡುವೆ ಒಂದು ಹಲಗೆ ಗೋಡೆ. ಗಂಜಿ ತಿರುವುತ್ತಿದ್ದ ನಗಾರಿಯಮ್ಮನಿಗೆ ಆಚೆಯದೆಲ್ಲ ಕೇಳಿಸುತ್ತಿತ್ತು.

"ಪಂಡಿತರೇ, ಹೋದ ವರ್ಷ ನನಗೆ ಹಾರ್ಟಿನ ತೊಂದರೆಯಾಗಿ ಆಸ್ಪತ್ರೇಲಿದ್ದೆ. ಬಿಸಿ ಜಾಸ್ತಿಯಾದ್ರೆ ಕಣ್ಣು ಕತ್ತಲೆ ಬರುತ್ತೆ. ಇವತ್ತು ಹಬೆ ಅಂದ್ರು. ಕೂರಬಹುದಾ?"

ಪಂಡಿತರಿಗೆ ತುಟಿಯ ಮೇಲೆ ಓದಲು ಸಿಕ್ಕಿದ್ದು ಹಬೆ ಎನ್ನುವ ಮಾತೊಂದೇ. "ಕೂರಬಹುದು. ಒಳ್ಳೇದು" ಎಂದರು.

ನಗಾರಿಯಮ್ಮನ ಸೌಟು ನಿಂತಿತು. ಒಲೆ ಆರಿಸಿ ಜಗಲಿಗೆ ಬರುವಷ್ಟರಲ್ಲಿ ಮೇಡಂ ಎದ್ದು ಹೋಗಿದ್ದರು. ಬೇರೊಬ್ಬರ ಕೈ ಪಂಡಿತರ ಬೆರಳಲ್ಲಿತ್ತು. ಅವಳು ಬಾಗಿ ಕಿವಿಯಲ್ಲಿ ಪಿಸುಗುಟ್ಟಿದಳು. ಅವರು ಅತಿಥಿಗಳಿಗೆ ಆಡಿಸುವ ಹಾಗೆಯೇ ಅವಳಿಗೂ ತಲೆಯಾಡಿಸಿದರು. "ಆಯ್ತು, ಆಯ್ತು."

ಗೇಟಿನತ್ತ ನಡೆದಳು. ಹೊಸದಾಗಿ ಬಂದ ಗಂಡ ಹೆಂಡತಿಗೆ ಮಗ ಕುಡಿಯಲು ನೀರು ಕೊಡುತ್ತಿದ್ದ. ತೋಳು ಜಗ್ಗಿದಳು. "ಆ ಬ್ಯಾಂಕಿನ ಹೆಂಗಸು..."

"ಐದು ನಿಮಿಷ ಅಮ್ಮ," ಎಂದ, ಮುಖದ ನಗು ಅಳಿಸದೆಯೇ.

ಎಣ್ಣೆ ಕೋಣೆಯ ಬಾಗಿಲು ಒಳಗಿಂದ ಅಗುಳಿ ಹಾಕಿತ್ತು. ಒಳಗೆ ಹಬೆಯ ಬುಸ್ಸೆನ್ನುವ ಸದ್ದು. ನಗಾರಿಯಮ್ಮ ಬೆರಳಲ್ಲಿ ತಟ್ಟಿದಳು. ಇನ್ನೊಮ್ಮೆ ತಟ್ಟಿದಳು. ಒಳಗೆ ಹಬೆ ಹಾಕುತ್ತಿದ್ದ ಕೆಲಸದವಳಿಗೆ ಕೇಳಿಸಲಿಲ್ಲ. ಆಗ ಅವಳಿಗೆ ತನ್ನ ಕೈ ಕಂಡಿತು. ತಾನು ಸಗಣಿ ಬಾಚಿ ಹಾಲು ಕರೆದ ಕೊಟ್ಟಿಗೆಯ ಬಾಗಿಲನ್ನು ಕಳ್ಳಬೆಕ್ಕಿನ ಹಾಗೆ ಉಗುರಲ್ಲಿ ಕೆರೆಯುತ್ತಿದ್ದಳು.

"ಬಾಗಿಲು ತೆಗಿಯೇ! ಆ ಹೆಂಗಸಿಗೆ ಹಾರ್ಟಿನ ಕಾಯಿಲೆ! ಹೊರಗೆ ತೆಗಿಯೇ!"

ಮರದ ಹಕ್ಕಿಗಳು ಎದ್ದು ಹಾರಿದವು. ಕಣ್ಣು ಮುಚ್ಚಿ ಕೂತಿದ್ದವರೆಲ್ಲ ಕಣ್ಣು ತೆರೆದರು. ಹಳ್ಳದಾಚೆ ಯಾರೋ, "ಏನಾಯ್ತು ನಗಾರಿಯಮ್ಮ?" ಎಂದು ಕೂಗಿ ಕೇಳಿದರು. ಪಂಡಿತರಿಗೂ ಕೇಳಿಸಿತು. ಅವರು ಹಿಡಿದಿದ್ದ ನಾಡಿ ಬಿಟ್ಟು ಓಡಿ ಬಂದರು.

ಪೆಟ್ಟಿಗೆ ತೆರೆದಾಗ ಮೇಡಂ ತಲೆ ಒಂದು ಕಡೆ ವಾಲಿತ್ತು, ತುಟಿ ಬೆಳ್ಳಗಾಗಿತ್ತು. ಹೊರಗೆ ಮಲಗಿಸಿ ಗಾಳಿ ಹಾಕಿದರು. ಪಂಡಿತರು ನಾಡಿ ಹಿಡಿದರು. ಮಾತಿನಲ್ಲಿ ತಪ್ಪಿದ್ದು ಅವರ ಬೆರಳಿಗೆ ಸಿಕ್ಕಿತು. "ಪೇಟೆ ಆಸ್ಪತ್ರೆಗೆ. ಈಗಲೇ" ಎಂದರು. ಅತಿಥಿಯೊಬ್ಬರು ಕಾರು ತೆಗೆದರು.

ಕಾರು ಗೇಟು ದಾಟಿದ್ದೇ ತಡ ಮಗ ತಿರುಗಿದ. ಅವನೂ ಪಿಸುಮಾತು ಮರೆತಿದ್ದ. "ಬಾಯಲ್ಲಿ ಹೇಳೋಕಾಗಲ್ವಾ ಅಮ್ಮ? ಊರಿಗೆಲ್ಲ ಕೇಳೋ ಹಾಗೆ ಕಿರುಚಬೇಕಾ?"

"ಬಾಯಲ್ಲೇ ಹೇಳ್ದೆ! ನಿನಗೆ ಹೇಳ್ದೆ, ಐದು ನಿಮಿಷ ಅಂದೆ. ನಿಮ್ಮಪ್ಪನಿಗೆ ಹೇಳ್ದೆ, ಅವರಿಗೆ ಎಲ್ಲಿ ಕೇಳಿಸುತ್ತೋ? ನಿಮ್ಮಪ್ಪನಿಗೆ ಕಿವಿ ಕೇಳಲ್ಲ ಕಣೋ! ಗುಡುಗಿದ್ರೂ ಕೇಳಲ್ಲ!"

ಅಂಗಳದ ತುಂಬ ಅತಿಥಿಗಳಿದ್ದರು. ಎಲ್ಲರ ಮುಖವೂ ಒಮ್ಮೆಗೇ ಪಂಡಿತರ ಕಡೆ ತಿರುಗಿತು. ಆ ಮುಖಗಳನ್ನು ನೋಡಿ, ಹೆಂಡತಿಯ ಮುಖ ನೋಡಿ, ಪಂಡಿತರು ಮೆಲ್ಲಗೆ ಒಳಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು.

ಮೇಡಂ ಉಳಿದರು. ಪೇಟೆಯ ಡಾಕ್ಟರು ಎರಡು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಆದರೆ ಅತಿಥಿಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ಬರಬೇಕಾದವರು ಬರಲಿಲ್ಲ. ಕೆಲಸದವಳನ್ನು ಬಿಡಿಸಿದರು. ಕೋಣೆಗಳೆಲ್ಲ ಖಾಲಿ, ಕೂಗಬಹುದಿತ್ತು, ಹುರಿಯಬಹುದಿತ್ತು, ಕುಕ್ಕರು ಶಿಳ್ಳೆ ಹೊಡೆಯಬಹುದಿತ್ತು. ಆದರೆ ಮಗ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದ. ನಗಾರಿಯಮ್ಮ ಪಂಡಿತರ ಎದುರು ನಿಂತು ಗಂಟಲು ಬಿಚ್ಚಿ, "ರೀ, ಊಟಕ್ಕೆ ಬನ್ನಿ!" ಎಂದರೆ ಅವರು ಕೇಳಿಸಿಯೂ ಕೇಳಿಸದವರ ಹಾಗೆ ಎದ್ದು ಹೋಗುತ್ತಿದ್ದರು. ಒಬ್ಬ ಹೆಂಗಸಿನ ಜೀವ ಉಳಿಸಿದೆ ಎಂದು ಅವಳಿಗೆ ಗೊತ್ತಿತ್ತು. ಗಂಡನ ಮಾನ ತೆಗೆದೆ ಎಂಬುದೂ ಗೊತ್ತಿತ್ತು. ಎರಡನ್ನೂ ಒಂದೇ ಕೂಗಿನಲ್ಲಿ ಮಾಡಿದ್ದಳು.

ಒಂದು ಮಧ್ಯಾಹ್ನ ಊಟದ ನಡುವೆ ಸೊಸೆ ಸೌಟನ್ನು ಪಾತ್ರೆಗೆ ಹಾಕಿ ಮಾವನ ಎದುರು ಹೋಗಿ ಕೂತಳು. ಯಾವತ್ತೂ ತಗ್ಗಿದ ಧ್ವನಿಯವಳು ಅವತ್ತು ಅತ್ತೆಯನ್ನೂ ಮೀರಿಸಿದಳು.

"ಮಾವ, ನಾಳೆ ಕಿವಿ ಡಾಕ್ಟರ ಹತ್ರ ಹೋಗೋಣ."

"ನಮ್ಮ ಎಣ್ಣೆ..."

"ಎಣ್ಣೆ ಇರಲಿ. ಇಷ್ಟು ದಿನ ನಿಮಗೆ ನಾನು ಕಿವಿಯಾಗಿದ್ದೆ. ಒಂದು ದಿನ ನಾನು ಮಲಗಿದ್ದಕ್ಕೆ ಏನಾಯ್ತು ನೋಡಿದ್ರಲ್ಲ? ನನಗೆ ಆ ಭಾರ ಬೇಡ. ನಾಳೆ ಬರ್ತೀರೋ ಇಲ್ವೋ?"

ಮಗ ಬಾಯಿ ತೆರೆದ. "ನೀವು ಊಟ ಮಾಡಿ" ಎಂದಳು ಸೊಸೆ, ಅವನ ಕಡೆ ನೋಡದೆ.

ಪಂಡಿತರು ತಮ್ಮ ಬಲಗೈಯ ಬೆರಳುಗಳನ್ನು ಬಹಳ ಹೊತ್ತು ನೋಡಿಕೊಂಡರು. ಮೇಡಂ ನಾಡಿ ಇನ್ನೂ ಅಲ್ಲೇ ಬಡಿಯುತ್ತಿದ್ದ ಹಾಗೆ. "ಬರ್ತೀನಮ್ಮ" ಎಂದರು.

ಮಿಷನ್ ಬಂತು. ಕಡಲೆಕಾಳಿನಷ್ಟು ಚಿಕ್ಕದಲ್ಲ, ಎಲ್ಲರಿಗೂ ಕಾಣುವಂಥದೇ. ಮಗ ಮೊದಮೊದಲು ಅದರ ಕಡೆ ನೋಡಲೂ ಇಲ್ಲ. ಆದರೆ ಮನುಷ್ಯನ ನೆನಪು ಸಣ್ಣದು, ಆಯಾಸ ದೊಡ್ಡದು; ನಿದ್ದೆಯಿಲ್ಲದ ಜನ ಪಟ್ಟಣದಲ್ಲಿ ಮುಗಿಯುವುದಿಲ್ಲ. ಒಬ್ಬರು ಬಂದರು, ಆಮೇಲೆ ನಾಲ್ಕು ಜನ ಬಂದರು. ಪಂಡಿತರು ಎಲ್ಲ ಮಾತನ್ನೂ ಕೇಳಿ, ಮತ್ತೊಮ್ಮೆ ಕೇಳಿ, ನಾಡಿ ನೋಡತೊಡಗಿದರು. ಯಾರೂ ಕಿವಿಯ ಬಗ್ಗೆ ಚಕಾರ ಎತ್ತಲಿಲ್ಲ. ಫಲಕ ಅಲ್ಲೇ ಇತ್ತು. ಕುಕ್ಕರು ಮತ್ತೆ ಬಾಯಿ ಮುಚ್ಚಿತು. ತಿಂಗಳು ಕಳೆಯುವಷ್ಟರಲ್ಲಿ ಹಳ್ಳ ಕಾಣುವ ಕೋಣೆಯೂ ಅತಿಥಿಗಳ ಪಾಲಾಯಿತು. ಮುದುಕರಿಬ್ಬರೂ ತಮ್ಮ ಹಾಸಿಗೆ ಸುತ್ತಿಕೊಂಡು ಉಗ್ರಾಣಕ್ಕೆ ಹೋದರು. ಕಿಟಕಿಯಿಲ್ಲದ ಕೋಣೆ, ಎಣ್ಣೆಯ ವಾಸನೆ, ಅಡುಗೆಮನೆಗೆ ಅಂಟಿದ ಹಲಗೆ ಗೋಡೆ.

ಗಂಡ ಹೆಂಡತಿಯ ನಡುವೆ ಈಗ ಮಾತಿತ್ತು. ಊಟ ಆಯ್ತಾ, ಔಷಧಿ ತಗೊಂಡ್ರಾ, ಅಷ್ಟೇ. ಜೋರಾಗಿ ಹೇಳುವ ಅಗತ್ಯವಿರಲಿಲ್ಲ, ಮೆಲ್ಲಗೆ ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಅಂಗಳದ ವಿಷಯ ಇಬ್ಬರೂ ಎತ್ತಲಿಲ್ಲ.

ಅತಿಥಿಗಳು ಮಲಗಿದ್ದ ಒಂದು ಭಾನುವಾರದ ಮಧ್ಯಾಹ್ನ ಪಂಡಿತರು ಡಬ್ಬಗಳಿಗೆ ಒರಗಿ ಕೂತಿದ್ದರು. ನಗಾರಿಯಮ್ಮ ಹರಿದ ದಿಂಬಿನ ಚೀಲ ಹೊಲಿಯುತ್ತಿದ್ದಳು. ಹಲಗೆಯಾಚೆ ಪಿಸುಮಾತು ಶುರುವಾಯಿತು.

"ನಾನು ಮಗಳನ್ನ ಕರ್ಕೊಂಡು ಅಕ್ಕನ ಮನೆಗೆ ಹೋಗ್ತೀನಿ. ಅಲ್ಲಿ ಶಾಲೆಗೆ ಹಾಕ್ತೀನಿ." ಸೊಸೆ.

"ಈಗ? ಕೋಣೆ ಎಲ್ಲ ತುಂಬಿರೋವಾಗ?"

"ಯಾವಾಗ ತುಂಬಿರಲ್ಲ? ಅವಳಿಗೆ ಮಾತೇ ಹೋಗ್ತಿದೆ. ನನ್ನ ಕೈ ನೋಡಿ, ಎಣ್ಣೇಲಿ ನೆನೆದು ನೆನೆದು ಉಗುರು ಕಿತ್ತು ಬರ್ತಿದೆ."

"ಇನ್ನೊಂದೆರಡು ವರ್ಷ ತಡಕೋ. ಅಪ್ಪ ಇರೋ ತನಕ ಜನ ಬರ್ತಾರೆ. ಅವರು ಹೋದ ಮೇಲೆ ಇಲ್ಲಿಗೆ ಯಾರು ಬರ್ತಾರೆ? ಅಷ್ಟರೊಳಗೆ ದುಡ್ಕೋಬೇಕು. ನನಗೇನು ಇದೆಲ್ಲ ಖುಷಿನಾ?"

ಯಾರೋ ಸೆರಗಿನೊಳಗೆ ಅಳುತ್ತಿದ್ದರು. ಅದರ ಜೊತೆಗೆ ಇನ್ನೊಂದು, ಚಿಕ್ಕ ಬಿಕ್ಕು. ಮಗುವೂ ಅಲ್ಲೇ ಇತ್ತು.

ಪಂಡಿತರ ಕೈ ಕಿವಿಯ ಕಡೆ ಹೋಯಿತು. ತೆಗೆದುಬಿಡುತ್ತಾರೆಂದುಕೊಂಡಳು ನಗಾರಿಯಮ್ಮ. ಅವರು ತೆಗೆಯಲಿಲ್ಲ, ಇನ್ನೂ ಒಳಗೆ ಒತ್ತಿಕೊಂಡರು.

"ಇದು ದಿನಾ ಹೀಗೇ ನಡೀತಿತ್ತಾ?"

"ನಡೀತಿತ್ತು."

"ಎಷ್ಟು ದಿನದಿಂದ?"

"ಫಲಕ ನೆಟ್ಟ ದಿನದಿಂದ."

"ನೀನು ನನಗೆ ಹೇಳಲೇ ಇಲ್ವಲ್ಲೇ."

ಅವಳ ಸೂಜಿ ನಿಂತಿತು. "ಎಲ್ಲಿ ನಿಂತು ಹೇಳ್ಲಿ? ಆ ಶೆಡ್ಡಿನಲ್ಲಿ ಟ್ಯಾಂಕು ತುಂಬೋಷ್ಟು ಹೊತ್ತು, ಆಮೇಲೆ ಅದೂ ಹೋಯ್ತು. ಕೊನೆಗೆ ಹೇಳಿದ್ದು ಒಂದೇ ಮಾತು, ಅದನ್ನೂ ಅಂಗಳದಲ್ಲಿ ಹೇಳ್ದೆ. ಹೇಳಬಾರದಿತ್ತು."

ಪಂಡಿತರು ಡಬ್ಬಗಳ ನಡುವಿನಿಂದ ಸರಿದು ಅವಳ ಎದುರಿಗೆ ಬಂದು ಕೂತರು. "ಈಗ ಹೇಳು" ಎಂದರು.

"ಏನ್ ಹೇಳ್ಲಿ?"

"ನನಗೆ ಕೇಳಿಸದೇ ಹೋದದ್ದೆಲ್ಲ."

ಎಲ್ಲಿಂದ ಶುರು ಮಾಡುವುದು ಎಂದು ಅವಳಿಗೆ ತಿಳಿಯಲಿಲ್ಲ. ಟೀಚರು ಹೇಳಿದ್ದರಿಂದ ಶುರು ಮಾಡಿದಳು. ಮೊಮ್ಮಗಳು ಬಯಲಿನಲ್ಲಿ ಬಾಯಿ ತೆರೆದು ನಿಂತದ್ದು ಹೇಳಿದಳು. ಸೊಸೆ ಅಟ್ಟ ಹತ್ತುವಾಗ ಮೆಟ್ಟಿಲ ಮೇಲೆ ಕೂತು ಹಲ್ಲು ಕಚ್ಚುವುದು, ಮಗ ಯಾರೂ ಏಳುವ ಮೊದಲೇ ಎದ್ದು ಕಕ್ಕಸು ತೊಳೆದು, ಮುಖ ತೊಳೆದು, ಕನ್ನಡಿಯ ಮುಂದೆ ನಗು ಹಾಕಿಕೊಳ್ಳುವುದು. ಹೇಳುತ್ತ ಹೇಳುತ್ತ ಅವಳ ಧ್ವನಿ ತನ್ನಷ್ಟಕ್ಕೇ ಏರಿತು. ಹಳೆಯ ಗಂಟಲು, ಹೇಳಿದ ಮಾತು ಕೇಳುವುದೇ?

ಹಲಗೆಯ ಮೇಲೆ ಟಕ್ ಟಕ್ ಎಂದು ಬೆರಳು ಬಡಿಯಿತು. "ಅಮ್ಮ, ಮೆಲ್ಲಗೆ."

ಅವಳು ತಟ್ಟನೆ ನಿಲ್ಲಿಸಿದಳು.

ಪಂಡಿತರು ಗೋಡೆಯ ಕಡೆ ತಿರುಗಿದರು. ಬಹಳ ವರ್ಷಗಳ ಮೇಲೆ ಅವರು ಬಾಯಿ ತುಂಬ ಮಾತಾಡಿದ್ದು ಆಗಲೇ. "ನಾನೂ ನಿಮ್ಮಮ್ಮನೂ ಮಾತಾಡ್ತಾ ಇದೀವಿ. ಮುಗಿದ ಮೇಲೆ ನಿನ್ನನ್ನೇ ಕರೀತೀನಿ. ಹೆಂಡತಿ ಮಗಳನ್ನೂ ಕರ್ಕೊಂಡು ಬಾ."

ಮುಂದಿನ ಕೋಣೆಯೊಂದರಲ್ಲಿ ಯಾರೋ ಎದ್ದು ಬಾಗಿಲು ತೆರೆದ ಸದ್ದಾಯಿತು. ಅದೂ ಅವರಿಗೆ ಕೇಳಿಸಿತು.

"ಹೂಂ," ಎಂದರು ಅವಳ ಕಡೆ ತಿರುಗಿ, "ಮುಂದೆ?"